ಬೀಗರು ಸುರಿದ ನೀರು

ಚರ್ಚಿನ ಹಿಂಬದಿಯ ಒಗೆಯುವ ಕೋಣೆಯಲ್ಲಿ ನಲವತ್ತೊಂದು ವರ್ಷ ದುಡಿದ ಆ ಹೆಂಗಸಿಗೆ ಹೆತ್ತವರು ಇಟ್ಟ ಹೆಸರು ಒಂದಿತ್ತು. ಆ ಹೆಸರು ಹಿಡಿದು ಕರೆಯುತ್ತಿದ್ದವನು ಅವಳ ಗಂಡ ಒಬ್ಬನೇ. ಅವನು ತೀರಿಕೊಂಡ ಮೇಲೆ ಆ ಹೆಸರೂ ಅವನ ಬಟ್ಟೆಗಳ ಜೊತೆ ಮಡಚಿಕೊಂಡು ಪೆಟ್ಟಿಗೆ ಸೇರಿತು. ಮಿಕ್ಕವರಿಗೆಲ್ಲ ಅವಳು ಗಂಜಿಯಮ್ಮ. ಅವಳು ಗಂಜಿ ಹಾಕಿ ಇಸ್ತ್ರಿ ಮಾಡಿದ ಪೀಠದ ಬಟ್ಟೆಯನ್ನು ನೆಟ್ಟಗೆ ನಿಲ್ಲಿಸಿದರೆ ತಾನೇ ನಿಲ್ಲುತ್ತದೆ ಎಂದು ಜನ ಹೇಳುತ್ತಿದ್ದರು. ಅದು ಪೂರ್ತಿ ನಿಜವಲ್ಲ. ಒಮ್ಮೆ ಅವಳೇ ನಿಲ್ಲಿಸಿ ನೋಡಿದ್ದಳು. ಹತ್ತು ಎಣಿಸುವಷ್ಟು ಹೊತ್ತು ನಿಂತಿತು, ಆಮೇಲೆ ಸೊಂಟ ಬಗ್ಗಿಸಿ ಕೂತುಬಿಟ್ಟಿತು.

ಕೋಣೆಯಲ್ಲಿ ಎರಡು ಸಿಮೆಂಟಿನ ತೊಟ್ಟಿ, ಸದಾ ಸೋರುವ ಒಂದು ಬಾಯ್ಲರ್, ಇಸ್ತ್ರಿಯ ಉದ್ದನೆಯ ಮೇಜು, ಪಕ್ಕದ ಹಾಸ್ಟೆಲಿನ ಬಟ್ಟೆಗಂಟು ತೂಗುವ ಕೊಕ್ಕೆ ತಕ್ಕಡಿ ಇದ್ದವು. ಬಾಯ್ಲರಿನ ಪಕ್ಕದ ಕಿಟಕಿಕಟ್ಟೆಯ ಮೇಲೆ ಎರಡು ಬಿಳಿ ಹೂಜಿ. ಬಲಗಡೆಯದರಲ್ಲಿ ತಿಳಿನೀರು, ಎಡಗಡೆಯದರಲ್ಲಿ ತೆಳುಗಂಜಿ. ಹೂಜಿಗಳ ಜಾಗ ಯಾವತ್ತೂ ಅದಲುಬದಲಾದದ್ದಿಲ್ಲ, ಈಗ ಹೇಳಹೊರಟಿರುವ ಆ ಬುಧವಾರದವರೆಗೆ.

ಮೂಲೆಯಲ್ಲಿ ನೀಲಿ ಅಂಚಿನ ಒಂದು ಬೋಗುಣಿಯೂ ಇತ್ತು. ಪೂಜೆಯಲ್ಲಿ ಗುರುಗಳು ಪಾತ್ರೆ ಒರೆಸುವ ಸಣ್ಣ ಬಟ್ಟೆಗಳನ್ನು ಮೊದಲು ಅದರಲ್ಲಿ ನೆನೆಸಬೇಕು. ಆ ಮೊದಲ ನೀರನ್ನು ಚರಂಡಿಗೆ ಬಿಡುವ ಹಾಗಿಲ್ಲ, ಮಣ್ಣಿಗೇ ಹಾಕಬೇಕು. ಪಾತ್ರೆಯಲ್ಲಿದ್ದ ಪವಿತ್ರವಾದದ್ದರ ಒಂದು ತೊಟ್ಟಾದರೂ ಬಟ್ಟೆಯಲ್ಲಿ ಉಳಿದಿದ್ದರೆ ಅದು ಕೊಳಚೆ ಸೇರಬಾರದು. ಅದಕ್ಕೆ ಗಂಜಿಯಮ್ಮ ವಾರಕ್ಕೆರಡು ಸಲ ಬೋಗುಣಿ ಎತ್ತಿಕೊಂಡು, ನೋಯುವ ಮಂಡಿಯನ್ನು ಒಂದೊಂದು ಮೆಟ್ಟಿಲಿಗೂ ಬೈಯುತ್ತಾ, ಏಳು ಮೆಟ್ಟಿಲಿಳಿದು ಗೋಡೆಯ ಬುಡಕ್ಕೆ ಸುರಿದು ಬರುತ್ತಿದ್ದಳು.

ಅವಳ ಗಂಡ ಚರ್ಚಿನ ಗಂಟೆ ಬಾರಿಸುವವನು. ಮಕ್ಕಳಿಗೆ ಜ್ಞಾನಸ್ನಾನ ಕೊಡುವ ಕಲ್ಲುಬಟ್ಟಲಿಗೆ ನೀರು ತುಂಬುವ ಕೆಲಸವೂ ಅವನದೇ. ಯಾರಿಗೂ ತಿಳಿಯದ ಹಾಗೆ ಹೆಂಡತಿಯ ಬಾಯ್ಲರಿನಿಂದ ಒಂದು ಚೊಂಬು ಬಿಸಿನೀರು ಕದ್ದು ಅದಕ್ಕೆ ಬೆರೆಸುತ್ತಿದ್ದ. ‘ಈ ಚರ್ಚಿನಲ್ಲಿ ಮಕ್ಕಳು ಅಳೋದೇ ಇಲ್ಲವಲ್ಲ’ ಎಂದು ಹಳೆಯ ಗುರುಗಳು ಆಶ್ಚರ್ಯಪಡುತ್ತಿದ್ದರು. ಗುಟ್ಟು ಗಂಡಹೆಂಡಿರಿಗೆ ಮಾತ್ರ ಗೊತ್ತು. ಅವನು ಹೋದ ಮೇಲೆ, ಅವನು ಮದುವೆಗೆ ತೊಟ್ಟಿದ್ದ ಬಿಳಿ ಅಂಗಿಯನ್ನು ಕತ್ತರಿಸಿ ಗಂಜಿಯಮ್ಮ ಒಂದು ಪುಟ್ಟ ಜ್ಞಾನಸ್ನಾನದ ಅಂಗಿ ಹೊಲಿಯತೊಡಗಿದಳು. ಊರಿನ ಎಷ್ಟೋ ಮಕ್ಕಳ ಬಿಳಿ ಅಂಗಿಗಳನ್ನು ಒಗೆದು ಗಂಜಿ ಹಾಕಿದ ಕೈ ಅದು. ತನ್ನ ಮೊಮ್ಮಗ ಆ ಅಂಗಿಯಲ್ಲಿ, ಆ ಕಲ್ಲುಬಟ್ಟಲಿನ ಮೇಲೆ ತಲೆ ಬಗ್ಗಿಸಿ ನೀರು ಹೊಯ್ಯಿಸಿಕೊಳ್ಳುವುದನ್ನು ನೋಡಬೇಕು. ಅವಳಿಗೆ ಬೇಕಾದದ್ದು ಇಷ್ಟೇ.

ಅದಕ್ಕೆ ಅಡ್ಡ ನಿಂತವರು ಬೀಗರು.

ಬೀಗರು ಎಂದರೆ ಸೊಸೆಯ ತಂದೆ. ಕಸುಬು ನಲ್ಲಿ, ಪೈಪು ರಿಪೇರಿ. ಅವರು ಸೇರಿದ್ದು ಮುಳುಗಿಸುವ ಸಭೆಗೆ. ಅಲ್ಲಿ ಇದನ್ನು ದೀಕ್ಷಾಸ್ನಾನ ಎನ್ನುತ್ತಾರೆ, ಬೆಳೆದು ಬುದ್ಧಿ ಬಂದು ನಂಬಿದವರಿಗೆ ಮಾತ್ರ ಕೊಡುತ್ತಾರೆ, ತಲೆ ಪೂರ್ತಿ ಮುಳುಗುವ ತನಕ ಅದ್ದುತ್ತಾರೆ. ಸಭೆಯ ತೊಟ್ಟಿ ಕಟ್ಟಿದ್ದೂ, ಅದಕ್ಕೆ ಬಿಸಿನೀರಿನ ಪೈಪು ಜೋಡಿಸಿದ್ದೂ ಬೀಗರೇ. ಚಳಿಗೆ ಹಲ್ಲು ಕಡಿಯುವವನ ಬಾಯಿಂದ ನಂಬಿಕೆಯ ಮಾತು ಸ್ಪಷ್ಟವಾಗಿ ಬರುವುದಿಲ್ಲ ಎಂಬುದು ಅವರ ಅನುಭವ.

ಮಗ ಬಸ್ಸು ಓಡಿಸುವವನು, ಸೊಸೆ ಶಾಲೆಯ ಟೀಚರು. ಮಗು ಹುಟ್ಟಿದ ತಿಂಗಳೊಳಗೆ ಎರಡು ಕಡೆಯ ಜಗ್ಗಾಟ ನೋಡಿ ಸೊಸೆಗೆ ಸಾಕಾಗಿ ಹೋಯಿತು. ಇಬ್ಬರನ್ನೂ ಎದುರು ಕೂರಿಸಿಕೊಂಡು ತರಗತಿಯ ದನಿಯಲ್ಲೇ ಹೇಳಿದಳು:

“ಅಪ್ಪಾ, ಅತ್ತೇ, ಇಬ್ರೂ ಕೇಳಿ. ನೀವಿಬ್ರೂ ಒಂದೇ ಉತ್ತರ ತನ್ನಿ. ಏನೇ ಆಗ್ಲಿ, ನಾವು ಅದನ್ನೇ ಮಾಡ್ತೀವಿ. ಅಲ್ಲೀವರೆಗೂ ಈ ಮಗು ತಲೆ ಮೇಲೆ ನೀರು ಬೀಳೋದು ಬಚ್ಚಲಲ್ಲಿ ಮಾತ್ರ.”

“ಬೇರೆ ಬೇರೆ ಉತ್ತರ ಬಂದ್ರೆ?” ಎಂದು ಅಪ್ಪ ಕೇಳಿದರು.

“ಮತ್ತೆ ಕೂತು ಬರೀಬೇಕು. ನಕಲು ಮಾಡಿದ್ರೂ ಪರವಾಗಿಲ್ಲ.”

ಹೀಗೆ ಬುಧವಾರದ ಪರೀಕ್ಷೆಗಳು ಶುರುವಾದವು. ಬುಧವಾರ ಮಧ್ಯಾಹ್ನ ಮಗುವನ್ನು ನೋಡಿಕೊಳ್ಳುವ ಸರದಿ ಗಂಜಿಯಮ್ಮನದು. ಬೀಗರು ಬಾಯ್ಲರಿನ ಸೋರಿಕೆ ನೋಡುವ ನೆಪದಲ್ಲಿ ಸಾಮಾನಿನ ಚೀಲ ಹೆಗಲಿಗೇರಿಸಿ ಬರುತ್ತಿದ್ದರು. ಚೀಲದಲ್ಲಿ ಸ್ಪ್ಯಾನರು, ವಾಷರು, ನೂಲುಂಡೆ, ಅವುಗಳ ನಡುವೆ ಎಣ್ಣೆಗೈ ತಾಗಿ ಕಪ್ಪಾದ ಪವಿತ್ರ ಗ್ರಂಥ. ಮಗು ಬಟ್ಟೆಬುಟ್ಟಿಯೊಳಗಿಂದ ಇಬ್ಬರ ಮುಖವನ್ನೂ ಸರದಿಯ ಮೇಲೆ ನೋಡುತ್ತಿತ್ತು.

“ಮೊದಲು ನಂಬಿಕೆ, ಆಮೇಲೆ ನೀರು. ಹಾಗಂತ ಬರೆದಿದೆ. ಈ ಗುಂಡ ಏನು ನಂಬ್ತಾನೆ ಹೇಳಿ? ಕಾಲ್ಬೆರಳು ಬಾಯಿಗೆ ಹೋಗುತ್ತೆ ಅಂತ ನಂಬ್ತಾನೆ, ಅಷ್ಟೇ,” ಎನ್ನುತ್ತಿದ್ದರು ಬೀಗರು.

ಗಂಜಿಯಮ್ಮನಿಗೆ ಓದು ಅಷ್ಟಕ್ಕಷ್ಟೇ. ಬೆರಳಿಟ್ಟು ಅಕ್ಷರ ಕೂಡಿಸುವಷ್ಟರಲ್ಲಿ ಗಂಜಿ ತಣ್ಣಗಾಗುತ್ತಿತ್ತು. ಆದರೆ ನಲವತ್ತೊಂದು ವರ್ಷ ಭಾನುವಾರ ತಪ್ಪದೆ ಕೇಳಿದ ಕಿವಿ ಅವಳದು. ಹಳೆಯ ಗುರುಗಳು ಇಸ್ತ್ರಿ ಮೇಜಿನ ಪಕ್ಕ ನಿಂತು ಬಿಡಿಸಿ ಹೇಳಿದ್ದೂ ಒಳಗಿತ್ತು.

“ಬೀಗರೇ, ಪಾರ್ಶ್ವವಾಯು ಬಡಿದವನನ್ನ ನಾಲ್ಕು ಜನ ಹೊತ್ಕೊಂಡು ಬಂದ್ರಲ್ಲ? ಬಾಗಿಲಲ್ಲಿ ಜಾಗ ಇಲ್ಲ ಅಂತ ಮನೆ ಮಾಡಿನ ಹೆಂಚು ಕಿತ್ತು ಹಗ್ಗ ಕಟ್ಟಿ ಇಳಿಸಿದ್ರಲ್ಲ?”

“ಇಳಿಸಿದ್ರು. ಇದೆ.”

“ಸ್ವಾಮಿ ಯಾರ ನಂಬಿಕೆ ನೋಡಿ ಅವನ ಪಾಪ ಕ್ಷಮಿಸಿದ್ರು? ಹೊತ್ತವರದ್ದನ್ನ ನೋಡಿ. ಮಲಗಿದ್ದೋನು ಬಾಯಿ ಬಿಟ್ಟಿದ್ದು ಎಲ್ಲಾದ್ರೂ ಇದೆಯಾ? ನಮ್ಮ ಗುಂಡನ್ನೂ ಹೊರೋಕೆ ನಾಲ್ಕು ಜನ ಇದೀವಿ. ನೀವೂ ಒಂದು ಮೂಲೆ ಹಿಡೀರಿ.”

ಬೀಗರು ಸ್ಪ್ಯಾನರಿನಿಂದ ತಲೆ ಕೆರೆದುಕೊಂಡರು. “ಆ ಮಾಡನ್ನ ಆಮೇಲೆ ಯಾರು ರಿಪೇರಿ ಮಾಡಿದ್ರು ಅಂತ ಬರೆದಿಲ್ಲ ನೋಡಿ. ನನಗೆ ಅದೇ ಯೋಚನೆ.”

ಇನ್ನೊಂದು ಬುಧವಾರ ಅವರು ಸೆರೆಮನೆ ಕಾಯುವವನ ಕತೆ ತಂದರು. ಅವನು ನಂಬಿದ, ಆಮೇಲೆ ಸ್ನಾನ ಪಡೆದ.

“ಅವನೊಬ್ಬನೇನಾ?”

“ಅವನು, ಅವನ ಮನೆಯವರೆಲ್ಲ.”

“ಮನೆಯವರೆಲ್ಲ ಅಂದ್ರೆ ತೊಟ್ಟಿಲಲ್ಲಿದ್ದದ್ದೂ ಸೇರ್ತಲ್ಲ?”

“ತೊಟ್ಟಿಲು ಇತ್ತು ಅಂತ ಎಲ್ಲಿ ಬರೆದಿದೆ ಬೀಗಿತ್ತೀ?”

“ಇರಲಿಲ್ಲ ಅಂತ ಎಲ್ಲಿ ಬರೆದಿದೆ ಬೀಗರೇ?”

ಇಬ್ಬರೂ ಸೊಂಟದ ಮೇಲೆ ಕೈಯಿಟ್ಟು ನಿಂತರು. ಬುಟ್ಟಿಯಿಂದ ಮಗು ‘ಹ್ಹೆ’ ಎಂದಿತು. ಇಬ್ಬರೂ ಅದು ತಮ್ಮ ಕಡೆಯ ಮಾತೆಂದುಕೊಂಡರು.

‘ಗ್ರಂಥದಲ್ಲಿ ತೋರಿಸಿ’ ಎಂಬುದು ಬೀಗರ ಕೊನೆಯ ಅಸ್ತ್ರ. ಗ್ರಂಥದಲ್ಲಿ ಇಲ್ಲದ್ದು ರಕ್ಷಣೆಗೆ ಬೇಕಿಲ್ಲ ಎಂಬುದು ಅವರ ಪಟ್ಟು.

“ಎಲ್ಲಾ ಗ್ರಂಥದಲ್ಲೇ ಇರ್ಬೇಕು ಅನ್ನೋದು ಗ್ರಂಥದಲ್ಲಿ ಎಲ್ಲಿದೆ, ತೋರಿಸಿ ನೋಡೋಣ,” ಎಂದಳು ಗಂಜಿಯಮ್ಮ. “ಮೊದಲ ಹಾಳೆಯಲ್ಲಿ ಪಟ್ಟಿ ಇದೆಯಲ್ಲ, ಇಂತಿಂಥ ಪುಸ್ತಕ ಒಳಗಿರತಕ್ಕದ್ದು ಅಂತ, ಅದನ್ನ ಬರೆದವರು ಯಾರು? ಆ ಕಾಲದ ಧರ್ಮಸಭೆಯವರು ಕೂತು ಗೊತ್ತು ಮಾಡಿದ್ದಲ್ವಾ? ಪಟ್ಟಿ ಕೊಟ್ಟ ಕೈನ ನಂಬ್ತೀರಿ, ಮಗುವಿಗೆ ನೀರು ಹೊಯ್ದ ಕೈನ ನಂಬಲ್ಲ. ಅಷ್ಟಕ್ಕೂ ನಿಮ್ಮದರಲ್ಲಿ ಎಷ್ಟು ಪುಸ್ತಕ?”

“ಅರವತ್ತಾರು.”

“ನಮ್ಮದರಲ್ಲಿ ಎಪ್ಪತ್ತಮೂರು.”

“ನೀವು ಸೇರಿಸಿದ್ದು.”

“ನೀವು ಕಳಚಿದ್ದು.”

ಮಾತು ಮುಂದೆ ಹೋಗದಾದಾಗ ಎರಡೂ ಗ್ರಂಥಗಳನ್ನು ಬಟ್ಟೆ ತೂಗುವ ತಕ್ಕಡಿಗೆ ಒಂದಾದ ಮೇಲೊಂದು ನೇತು ಹಾಕಿದರು. ಗಂಜಿಯಮ್ಮನದು ಅರ್ಧ ಕೇಜಿ ಹೆಚ್ಚು ತೂಗಿತು.

“ಅಕ್ಷರ ದಪ್ಪ ಇದೆ, ಅದಕ್ಕೆ,” ಎಂದರು ಬೀಗರು. ಅದು ನಿಜವೂ ಆಗಿತ್ತು. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಬಾಯ್ಲರು ಸೋರುತ್ತಲೇ ಇತ್ತು.

ಸ್ವಾಮಿಯ ಪಕ್ಕದ ಶಿಲುಬೆಯ ಮೇಲಿದ್ದ ಕಳ್ಳನ ವಿಷಯಕ್ಕೆ ಎರಡು ಬುಧವಾರ ಬೇಕಾಯಿತು. ಅವನು ನೀರು ಮುಟ್ಟದೆಯೇ ರಕ್ಷಣೆ ಪಡೆದನಲ್ಲ ಎಂದು ಬೀಗರು. ನೀರು ಸಿಗದ ಕಡೆ ಮನಸ್ಸಿನ ಆಸೆಯೇ ನೀರು ಎಂದು ಗಂಜಿಯಮ್ಮ. “ದೇವರು ನಮ್ಮನ್ನ ಈ ನೀರಿಗೆ ಕಟ್ಟಿದಾನೆ. ತನ್ನನ್ನ ತಾನು ಕಟ್ಕೊಂಡಿಲ್ಲ. ಆದ್ರೆ ನಲ್ಲಿ ಎದುರಿಗೇ ಇರೋವಾಗ ನಾನ್ಯಾಕೆ ಮಗೂನ ಬಾಯಾರಿಸ್ಲಿ?”

“ಹಂಗಾದ್ರೆ ಈಗಲೇ ಒಂದು ಚೊಂಬು ಹೊಯ್ದುಬಿಡಿ, ಗಲಾಟೆ ಮುಗೀಲಿ.”

“ಹೆತ್ತವರು ಒಪ್ಪದೆ ಹೊಯ್ಯೋ ಹಾಗಿಲ್ಲ. ಪ್ರಾಣಕ್ಕೆ ಬಂದಾಗ ಮಾತ್ರ. ಆಗ ಯಾರು ಬೇಕಾದ್ರೂ ಕೊಡಬಹುದು, ಗುರುಗಳೇ ಆಗ್ಬೇಕಿಲ್ಲ. ತಿಳಿನೀರು ಮೂರು ಸಲ ಹೊಯ್ದು, ತಂದೆ, ಮಗ, ಪವಿತ್ರಾತ್ಮ ಮೂವರ ಹೆಸರು ಹೇಳಿ, ಧರ್ಮಸಭೆ ಮಾಡೋದನ್ನೇ ಮಾಡ್ತೀನಿ ಅನ್ನೋ ಮನಸ್ಸಿದ್ರೆ ಸಾಕು. ನೀವು ಕೊಟ್ರೂ ನಡೆಯುತ್ತೆ.”

“ನಾನಾ!” ಬೀಗರು ನಕ್ಕ ರಭಸಕ್ಕೆ ಬಾಯಲ್ಲಿದ್ದ ವಾಷರು ಕೆಳಗೆ ಬಿತ್ತು. “ಅದು ನಡೆಯೋದಾದ್ರೆ, ಅವನು ದೊಡ್ಡವನಾದ ಮೇಲೆ ನಾನು ಇನ್ನೊಂದ್ಸಲ ಸರಿಯಾಗಿ ಮುಳುಗಿಸ್ತೀನಿ ಬಿಡಿ.”

“ಎರಡು ಸಲ ಆಗಲ್ಲ.” ಗಂಜಿಯಮ್ಮ ಒಂದು ಬಟ್ಟೆಯ ಮೂಲೆ ತಿರುವಿ ತೋರಿಸಿದಳು. ಅಲ್ಲಿ ಗುರುತಿನ ಮಸಿಯಲ್ಲಿ ಒಂದು ಸಣ್ಣ ಶಿಲುಬೆ. “ಇದು ಮೂವತ್ತು ವರ್ಷದ ಹಿಂದಿನದು. ಎಷ್ಟು ಕುದಿಸಿದ್ರೂ ಹೋಗಿಲ್ಲ. ಜ್ಞಾನಸ್ನಾನ ಅಂದ್ರೆ ಹೀಗೇನೇ. ಒಂದ್ಸಲ ಬಿತ್ತು ಅಂದ್ರೆ ಬಿತ್ತು. ಮೇಲೆ ಇನ್ನೊಂದು ಗುರುತು ಹಾಕೋದು ಮೊದಲನೇದಕ್ಕೆ ಮಾಡೋ ಅವಮಾನ.”

ಈ ಮಾತು ತನಗೇ ತಿರುಗಿ ಬರುತ್ತದೆಂದು ಅವಳಿಗೇನು ಗೊತ್ತು!

ಮಗುವಿಗೆ ಎಂಟು ತಿಂಗಳು ತುಂಬಿದ ವಾರದ ಬುಧವಾರ. ಬೀಗರು ಬಾಯ್ಲರಿನ ಹಿಂದಿನ ಪೈಪಿಗೆ ಕೈ ಹಾಕಲು ಕಿಟಕಿಕಟ್ಟೆಯ ಎರಡೂ ಹೂಜಿಗಳನ್ನು ಎತ್ತಿ ನೆಲದ ಮೇಲಿಟ್ಟಿದ್ದರು. ಅವರ ಬೆನ್ನು ಈ ಕಡೆ ಇತ್ತು. ಗಂಜಿಯಮ್ಮನಿಗೆ ಆಸೆ ತಡೆಯಲಾಗಲಿಲ್ಲ. ಪೆಟ್ಟಿಗೆಯಿಂದ ಪುಟ್ಟ ಅಂಗಿ ತೆಗೆದು, ಅಳತೆ ನೋಡುವುದಷ್ಟೇ ಎಂದು ತನಗೆ ತಾನೇ ಹೇಳಿಕೊಂಡು, ಮಗುವಿಗೆ ತೊಡಿಸಿದಳು. ಗಂಡನ ಅಂಗಿಯ ಗುಂಡಿಗಳನ್ನೇ ಅದಕ್ಕೆ ಇಟ್ಟಿದ್ದಳು. ಮೂರನ್ನು ಭದ್ರವಾಗಿ ಹೊಲಿದಾಗಿತ್ತು. ನಾಲ್ಕನೆಯದಕ್ಕೆ ಕಚ್ಚಾ ಹೊಲಿಗೆ, ಒಂದೇ ಎಳೆ.

ಮಗು ಆ ನಾಲ್ಕನೆಯದನ್ನೇ ಹಿಡಿಯಿತು.

ಅವಳು ಅಂಚು ಎಳೆದು ಸರಿಮಾಡಿ ತಲೆಯೆತ್ತುವಷ್ಟರಲ್ಲಿ ಗುಂಡಿ ಬಾಯಲ್ಲಿತ್ತು. ಮಗುವಿನ ಬಾಯಿ ತೆರೆದಿತ್ತು, ಸದ್ದು ಇರಲಿಲ್ಲ. ಮಾಡಬೇಕಾದದ್ದು ಗಂಜಿಯಮ್ಮನ ಕೈಗೆ ಗೊತ್ತಿತ್ತು. ಮಗುವನ್ನು ತೊಡೆಯ ಮೇಲೆ ಬೋರಲು ಮಲಗಿಸಿ, ತಲೆ ತಗ್ಗಿಸಿ, ಎರಡು ಹೆಗಲ ನಡುವೆ ಅಂಗೈಯಿಂದ ಬಡಿದಳು. ಒಂದು. ಎರಡು. ಮೂರು. ಮುಖ ಕಪ್ಪಿಡುತ್ತಿತ್ತು.

ಬೀಗರು ತಿರುಗಿ ನೋಡಿದರು. ಸ್ಪ್ಯಾನರು ಎಲ್ಲೋ ಬಿತ್ತು. ಕೈಗೆ ಸಿಕ್ಕ ಹೂಜಿ ಎತ್ತಿಕೊಂಡು ಮಂಡಿಯೂರಿ ಕೂತು, ಮಗುವಿನ ತಲೆಯ ಮೇಲೆ ಸುರಿದರು. ಮಾತು ಒಂದೂ ತಪ್ಪಲಿಲ್ಲ. “ಮಗುವೇ, ನಾನು ನಿನಗೆ ತಂದೆಯ,” ಒಂದು ಸಲ, “ಮಗನ,” ಎರಡನೆಯ ಸಲ, “ಪವಿತ್ರಾತ್ಮನ ಹೆಸರಿನಲ್ಲಿ,” ಮೂರನೆಯ ಸಲ, “ದೀಕ್ಷಾಸ್ನಾನ ಕೊಡ್ತೀನಿ.”

ಐದನೆಯ ಏಟಿಗೋ ತಣ್ಣೀರು ಬಿದ್ದದ್ದಕ್ಕೋ ಮಗು ಒಮ್ಮೆ ಮೈ ಝಾಡಿಸಿತು. ಗುಂಡಿ ಟಣ್ಣೆಂದು ಹಾರಿ ಬಾಯ್ಲರಿಗೆ ಬಡಿಯಿತು. ಆಮೇಲೆ ಬಂದ ಅಳು ಹಾಸ್ಟೆಲಿನವರೆಗೂ ಕೇಳಿಸಿತು. ಅಷ್ಟು ಸೊಗಸಾದ ಅಳುವನ್ನು ಇಬ್ಬರೂ ಜನ್ಮದಲ್ಲಿ ಕೇಳಿರಲಿಲ್ಲ. ನೆಲದ ಮೇಲೆ ಕೂತು ಅತ್ತರು, ನಕ್ಕರು, ಮತ್ತೆ ಅತ್ತರು. ಬೀಗರು ಮಗುವಿನ ಮೂಗೆಂದುಕೊಂಡು ತಮ್ಮ ಮೂಗನ್ನೇ ಒರೆಸಿಕೊಂಡರು.

ಮೊದಲು ಸುಮ್ಮನಾದವಳು ಗಂಜಿಯಮ್ಮ.

“ಬೀಗರೇ... ನೀವೇನು ಮಾಡಿದ್ರಿ ಗೊತ್ತಾ?”

ಬೀಗರು ಕೈಯಲ್ಲಿದ್ದ ಹೂಜಿ ನೋಡಿದರು. ಅವರ ಕಿವಿ ಮೊದಲು ಬಿಳಿಚಿತು, ಆಮೇಲೆ ಕೆಂಪಾಯಿತು.

ಅವಳು ಮಗುವಿನ ಎದೆಗೆ ಕಿವಿಯಿಟ್ಟು ಕೇಳಿದಳು, ಮೈಯೆಲ್ಲ ಒರೆಸಿದಳು. ಇಬ್ಬರೂ ಕೂಡಲೇ ಹತ್ತಿರದ ಆಸ್ಪತ್ರೆಗೆ ಓಡಿದರು. ಡಾಕ್ಟರು ಗಂಟಲು, ಎದೆ ಎಲ್ಲ ನೋಡಿ, ಮಗು ಚೆನ್ನಾಗಿದೆ, ನೀವಿಬ್ಬರೇ ಸ್ವಲ್ಪ ನೀರು ಕುಡಿಯಿರಿ ಎಂದರು. ಮಗ ಸೊಸೆ ಅಲ್ಲಿಗೇ ಓಡಿಬಂದರು. ಗುಂಡಿಯ ವಿಷಯ ಗಂಜಿಯಮ್ಮ ಒಂದೂ ಬಿಡದೆ ಹೇಳಿದಳು. ಬೈಗುಳವನ್ನೂ ಒಂದೂ ಬಿಡದೆ ಕೇಳಿಸಿಕೊಂಡಳು. ನೀರಿನ ವಿಷಯವನ್ನು ಮಾತ್ರ ಹೇಳಲಿಲ್ಲ. ಅದನ್ನು ಮೊದಲು ಯೋಚಿಸಬೇಕಿತ್ತು.

ಮಾರನೆಯ ಬೆಳಗ್ಗೆ ಬಾಗಿಲು ತೆರೆಯುವ ಮೊದಲೇ ಬೀಗರು ಮೆಟ್ಟಿಲ ಮೇಲೆ ಕೂತಿದ್ದರು. ನಿದ್ದೆಗೆಟ್ಟ ಮುಖ.

“ಬೀಗಿತ್ತೀ, ಯಾರಿಗೂ ಹೇಳ್ಬೇಡಿ. ತೊಟ್ಟಿ ಕಟ್ಟಿದೋನು ನಾನು. ನಾನೇ ಕೂಸಿನ ತಲೆ ಮೇಲೆ ಹೂಜಿ ಬಗ್ಗಿಸಿದೆ ಅಂದ್ರೆ ಸಭೆಯಲ್ಲಿ ತಲೆ ಎತ್ತೋದು ಹೆಂಗೆ?”

“ಅದು ಬರೀ ನೀರು ಅಂತಿದ್ರಲ್ಲ? ಬರೀ ನೀರಿಗೆ ಇಷ್ಟು ಬೆವರ್ತಾರಾ?”

“ತಮಾಷೆ ಬೇಡ. ಕೇಳಿ, ನಾನು ಸೋತೆ. ಗುಂಡನ್ನ ನಿಮ್ಮ ಕಲ್ಲುಬಟ್ಟಲಿಗೇ ಕರ್ಕೊಂಡು ಹೋಗಿ. ನಾನು ಒಪ್ಪಿದೆ ಅಂತ ಮಗಳಿಗೆ ಇವತ್ತೇ ಹೇಳ್ತೀನಿ. ಬೇಕಾದ್ರೆ ನಾನೇ ಮುಂದೆ ನಿಂತು ದೀಪ ಹಿಡೀತೀನಿ. ಆದ್ರೆ ನಿನ್ನೆಯದು ಆಗೇ ಇಲ್ಲ ಅಂತ ಬಿಟ್ಬಿಡಿ.”

ಎಂಟು ತಿಂಗಳು ಬಗ್ಗದ ಮನುಷ್ಯ! ಗಂಜಿಯಮ್ಮನ ಎದೆ ಹಕ್ಕಿಯಂತೆ ಹಾರಿತು. ಕಲ್ಲುಬಟ್ಟಲು, ಬಿಳಿ ಅಂಗಿ, ಕದ್ದ ಬಿಸಿನೀರು, ಎಲ್ಲ ಕಣ್ಣ ಮುಂದೆ ಕುಣಿದವು. ಆಮೇಲೆ ಹಕ್ಕಿ ಬಂದು ತನ್ನ ಜಾಗದಲ್ಲಿ ಕೂತಿತು. ಆಗಿಹೋಗಿದ್ದರೆ ಮತ್ತೆ ಮಾಡುವ ಹಾಗಿಲ್ಲ. ಹೇಳಿದವಳು ತಾನೇ. ಮಸಿಯ ಗುರುತು ತೋರಿಸಿದವಳೂ ತಾನೇ.

“ಆಗಲ್ಲ ಬೀಗರೇ. ಬಿದ್ದ ಗುರುತು ಬಿತ್ತು.”

ಬೀಗರು ನಲ್ಲಿ ಕೆಲಸದವರು. ಎಲ್ಲಿ ಸಂದು ಸಿಗುತ್ತದೆ ಎಂದು ಹುಡುಕುವುದೇ ಅವರ ಕಸುಬು. ತಟ್ಟನೆ ಮುಖವರಳಿತು.

“ತಿಳಿನೀರು ಆಗ್ಬೇಕು ಅಂದ್ರಲ್ಲ? ನಾನು ಎತ್ತಿದ ಹೂಜಿ ಯಾವುದು? ಎರಡೂ ನೆಲದ ಮೇಲಿದ್ವು. ಗಂಜಿದೇ ಇರ್ಬಹುದು! ಗಂಜಿ ನೀರು ನಡೆಯುತ್ತಾ?”

“ಗಂಜಿಯಾದ್ರೆ ಸಂಶಯ. ಸಂಶಯ ಇದ್ರೆ ಗುರುಗಳು ‘ನಿನಗೆ ಇನ್ನೂ ಆಗಿಲ್ಲದಿದ್ರೆ’ ಅಂತ ಸೇರಿಸಿ, ಮತ್ತೆ ಕೊಡ್ತಾರೆ.”

“ಮತ್ತೆ ಇನ್ನೇನು! ಗಂಜಿ ಅಂದ್ಬಿಡಿ! ನಿಮಗೆ ನಿಮ್ಮ ಕಲ್ಲುಬಟ್ಟಲು, ನನಗೆ ನನ್ನ ಮಾನ.”

ಅವರು ಹಾರಿಕೊಂಡೇ ಮೆಟ್ಟಿಲಿಳಿದು ಹೋದರು. ಗಂಜಿಯಮ್ಮ ಕೋಣೆಯೊಳಗೆ ಒಬ್ಬಳೇ ನಿಂತಳು. ಹೂಜಿಗಳು ತಮ್ಮ ಜಾಗಕ್ಕೆ ಮರಳಿದ್ದವು. ಯಾವುದರಿಂದ ಸುರಿದರು ಎಂದು ಲೋಕದಲ್ಲಿ ತಿಳಿದಿದ್ದದ್ದು ಅವಳೊಬ್ಬಳಿಗೇ. ಆಸ್ಪತ್ರೆಯ ಬೆಂಚಿನ ಮೇಲೆ ಮಗುವಿನ ತಲೆ ಒಣಗಿದಾಗ ಅವಳು ಕೂದಲಲ್ಲಿ ಬೆರಳಾಡಿಸಿದ್ದಳು. ಅವಳ ಗಂಜಿ ಒಣಗಿದರೆ ದಾರವೂ ಕಡ್ಡಿಯಾಗುತ್ತದೆ. ಮಗುವಿನ ಕೂದಲು ಹತ್ತಿಯಂತಿತ್ತು.

ಹೂಜಿಯ ವಿಷಯ ಬಾಯಿಬಿಡದೆ ಇದ್ದರೂ ಸಾಕಿತ್ತು. ಸುಳ್ಳು ಹೇಳುವುದೂ ಬೇಕಿರಲಿಲ್ಲ. ‘ಯಾವ ಹೂಜಿಯೋ’ ಎಂದರೆ ಮುಗಿಯಿತು. ಆ ದಿನ ಅವಳು ಇಸ್ತ್ರಿಯಲ್ಲಿ ಒಂದು ಬಟ್ಟೆ ಸುಟ್ಟಳು, ಎಷ್ಟೋ ವರ್ಷಗಳ ಮೇಲೆ. ಬೋಗುಣಿ ಹೊತ್ತು ಏಳು ಮೆಟ್ಟಿಲಿಳಿದಳು. ಮಣ್ಣಿಗೆ ನೀರು ಸುರಿಯುವಾಗ ಅವಳಿಗೇ ನಗು ಬಂತು. ಇದ್ದರೂ ಇರಬಹುದಾದ ಒಂದು ಹನಿಗಾಗಿ ನಲವತ್ತೊಂದು ವರ್ಷ ಮಂಡಿ ಸವೆಸಿದವಳು, ಮೂರು ಧಾರೆ ಕಣ್ಣಾರೆ ಕಂಡೂ ಇಲ್ಲವೆನ್ನುವುದೇ?

ಶನಿವಾರ ಎಲ್ಲರೂ ಗುರುಗಳ ಕೋಣೆಯಲ್ಲಿ ಸೇರಿದರು. ಮಗುವಿನ ತಾತ ಒಪ್ಪಿದ್ದಾರೆಂದು ಮಗ ಸೊಸೆ ಗೆಲುವಾಗಿದ್ದರು. ಗುರುಗಳು ಹೊಸಬರು, ಎಳೆಯ ವಯಸ್ಸು, ಅವತ್ತು ಜೋರು ನೆಗಡಿ ಬೇರೆ. ದಿನಾಂಕ ಗೊತ್ತುಮಾಡಲು ಪೆನ್ನು ತೆಗೆದರು.

“ಒಂದು ಮಾತಿದೆ ಫಾದರ್,” ಎಂದಳು ಗಂಜಿಯಮ್ಮ. ಬುಧವಾರದ್ದನ್ನು ಮೊದಲಿಂದ ಹೇಳಿದಳು. ಸೊಸೆ ಬಿಟ್ಟ ಬಾಯಿ ಬಿಟ್ಟಂತೆಯೇ ಅಪ್ಪನ ಕಡೆ ತಿರುಗಿದಳು. ಅಪ್ಪ ಸೂರು ನೋಡುತ್ತಿದ್ದರು.

ಗುರುಗಳು ಪೆನ್ನು ಕೆಳಗಿಟ್ಟು ಒಂದು ದಪ್ಪ ಪುಸ್ತಕ ತೆಗೆದರು. “ನೀರು ಎಲ್ಲಿಯದು?” ಎಂದು ಕೇಳಿ ಸೀನಿದರು.

“ನನ್ನ ಕೋಣೆಯಲ್ಲಿ ಎರಡು ಹೂಜಿ ಇವೆ. ಒಂದರಲ್ಲಿ ಗಂಜಿ.”

“ಗಂಜಿ!” ಎಂದರು ಬೀಗರು ಉತ್ಸಾಹದಿಂದ, ತರಗತಿಯಲ್ಲಿ ಪಕ್ಕದವನಿಗೆ ಉತ್ತರ ಪಿಸುಗುಡುವವರಂತೆ.

“ತಿಳಿನೀರು,” ಎಂದಳು ಗಂಜಿಯಮ್ಮ. “ಕೂದಲು ಒಣಗಿದ ಮೇಲೆ ಮುಟ್ಟಿ ನೋಡಿದೆ. ಗಟ್ಟಿಯಾಗಿರಲಿಲ್ಲ. ಅದು ಗಂಜಿ ಅಲ್ಲ ಫಾದರ್. ಮೂರು ಸಲ ಹೊಯ್ದರು. ಮಾತೂ ಸರಿಯಾಗಿ ಅಂದರು.”

ಗುರುಗಳು ಮೂಗೊರೆಸಿಕೊಂಡು ಬೀಗರ ಕಡೆ ತಿರುಗಿದರು.

“ಇನ್ನು ಒಂದೇ ಪ್ರಶ್ನೆ. ನೀರು ಹೊಯ್ಯುವಾಗ ನಿಮ್ಮ ಮನಸ್ಸಲ್ಲಿ ಏನಿತ್ತು? ಮಗು ಬೆಚ್ಚಿ ಉಸಿರು ಬಿಡಲಿ ಅಂತ ತಣ್ಣೀರು ಹಾಕಿದ್ದಾದರೆ ಅದು ಜ್ಞಾನಸ್ನಾನ ಆಗೋದಿಲ್ಲ. ಅದು ನಿಮಗೇ ಗೊತ್ತಿರಬೇಕು.”

ತಪ್ಪಿಸಿಕೊಳ್ಳುವ ಬಾಗಿಲು ಹಾರುಹೊಡೆದಿತ್ತು. ಬೀಗರು ‘ಬೆಚ್ಚಲಿ ಅಂತಲೇ’ ಎಂದರೆ ಸಾಕು, ಅವರ ಮಾನ ಉಳಿಯಿತು, ಗಂಜಿಯಮ್ಮನ ಕಲ್ಲುಬಟ್ಟಲೂ ಉಳಿಯಿತು. ಬೀಗರು ಟೋಪಿಯನ್ನು ಕೈಯಲ್ಲಿ ತಿರುಗಿಸಿದರು.

“ಅವರು ಮಗೂನ ಬಡೀತಾ ಇದ್ರು,” ಎಂದರು ಕೊನೆಗೆ. “ಕೈ ಖಾಲಿ ಇರ್ಲಿಲ್ಲ. ಮಗು ಹೋಗ್ಬಿಡುತ್ತೆ, ಇವರ ಆಸೆ ಇವರಲ್ಲೇ ಉಳಿಯುತ್ತೆ ಅನ್ನಿಸ್ತು. ಎಂಟು ತಿಂಗಳಿಂದ ಹೇಳಿ ಹೇಳಿ ನನಗೆ ಬಾಯಿಪಾಠ ಆಗಿತ್ತು. ಇವರು ಏನು ಮಾಡ್ತಿದ್ರೋ ಅದನ್ನೇ ಇವರ ಪರವಾಗಿ ಮಾಡ್ದೆ. ನಾನು ನಂಬ್ತೀನಿ ಅಂತ ಅಲ್ಲ, ಬರ್ಕೊಳ್ಳಿ ಬೇಕಾದ್ರೆ!”

“ನೀವು ನಂಬಬೇಕಾಗಿಲ್ಲ,” ಎಂದರು ಗುರುಗಳು. ಅವರ ಮುಖದ ಮೇಲೆ ಮೆಲ್ಲನೆ ಸೂರ್ಯ ಮೂಡಿದಂತಾಯಿತು. “ಧರ್ಮಸಭೆ ಮಾಡುವುದನ್ನು ಮಾಡುವ ಮನಸ್ಸು ಸಾಕು. ಅದಿತ್ತು. ಮಗುವಿಗೆ ಜ್ಞಾನಸ್ನಾನ ಆಗಿದೆ. ಇನ್ನೊಂದು ಸಲ ನಾನು ಕೊಡುವ ಹಾಗಿಲ್ಲ.” ಅವರು ದೊಡ್ಡ ದಾಖಲೆ ಪುಸ್ತಕ ಬಿಡಿಸಿದರು. “ಕೊಟ್ಟವರ ಹೆಸರು ಬರೆಯುವ ಕಾಲಂ ಇದೆ. ನಿಮ್ಮ ಪೂರ್ತಿ ಹೆಸರು ಹೇಳಿ.”

“ನನ್ನದಾ? ನಿಮ್ಮ ಪುಸ್ತಕದಲ್ಲಾ?” ಬೀಗರು ಕುರ್ಚಿಯಿಂದ ಎದ್ದೇಬಿಟ್ಟರು. “ನನ್ನ ಪ್ರಕಾರ ಏನೂ ಆಗಿಲ್ಲ ಫಾದರ್!”

“ನಮ್ಮ ಪ್ರಕಾರ ಆಗಿದೆ. ಮಾಡಿದವರು ನೀವು.”

ಮೊದಲು ನಕ್ಕವಳು ಸೊಸೆ. ಆಮೇಲೆ ಮಗ. ಗುರುಗಳು ನಗಲು ಹೋಗಿ ನಾಲ್ಕು ಸಲ ಸೀನಿದರು. ಗಂಜಿಯಮ್ಮನಿಗೂ ತಡೆಯಲಾಗಲಿಲ್ಲ. ಕಣ್ಣಲ್ಲಿ ನಿಂತಿದ್ದ ನೀರು ನಗುವಿನ ನೆಪದಲ್ಲಿ ಇಳಿದುಹೋಯಿತು.

“ಅಪ್ಪಾ,” ಸೊಸೆ ಕಣ್ಣೊರೆಸಿಕೊಂಡಳು, “ನೀನು ಸುರಿದೆ ಅಂತ ಅತ್ತೆ ಹೇಳಿದ್ರು. ಸುರಿದೆ ಅಂತ ನೀನೂ ಹೇಳ್ದೆ. ಇಬ್ರದೂ ಒಂದೇ ಉತ್ತರ. ಇಬ್ರೂ ಪಾಸು.”

ನೀರು ಇಲ್ಲದಿದ್ದರೂ ಉಳಿದದ್ದನ್ನು ಚರ್ಚಿನಲ್ಲಿ ಮಾಡಿಸಬಹುದು ಎಂದರು ಗುರುಗಳು: ತೈಲ ಹಚ್ಚುವುದು, ಬಿಳಿ ಅಂಗಿ, ದೀಪ. ಎರಡು ವಾರದ ಮೇಲಿನ ಭಾನುವಾರ ಅದಾಯಿತು. ಅಂಗಿಯಲ್ಲಿ ಗುಂಡಿಗಳಿರಲಿಲ್ಲ, ಎಲ್ಲ ಕಿತ್ತು ಕಟ್ಟುವ ಪಟ್ಟಿ ಹೊಲಿದಾಗಿತ್ತು. ಬೀಗರು ಬಂದರು, ಕೊನೆಯ ಬೆಂಚಿನಲ್ಲಿ ಕೂತರು. ಗುರುಗಳು ಮಗುವಿನೊಡನೆ ಕಲ್ಲುಬಟ್ಟಲಿನ ಹತ್ತಿರ ಬಂದು ನಿಂತರು. ಬಟ್ಟಲು ಒಣಗಿತ್ತು. ಗಂಜಿಯಮ್ಮ ಅದನ್ನೇ ನೋಡುತ್ತಿದ್ದಳು.

“ಇಲ್ಲಿ ಮಾಡಬೇಕಾದದ್ದನ್ನು ಈ ಮಗುವಿಗೆ ಅದರ ತಾತ ಆಗಲೇ ಮಾಡಿದ್ದಾರೆ,” ಎಂದರು ಗುರುಗಳು.

ಇಡೀ ಚರ್ಚು ಹಿಂದಕ್ಕೆ ತಿರುಗಿತು. ಮುನ್ನೂರು ಕಣ್ಣು. ಎಲ್ಲಿ ನೋಡಬೇಕೆಂದು ತಿಳಿಯದೆ, ಏನು ಮಾಡಬೇಕೆಂದೂ ತಿಳಿಯದೆ, ಬೀಗರು ಎದ್ದು ನಿಂತು ಗೋಡೆ ಅದುರುವ ಹಾಗೆ “ಆಮೆನ್!” ಎಂದು ಕೂಗಿದರು. ಮಗು ಅವರ ಕಡೆ ಕೈಚಾಚಿ ಕೇಕೆ ಹಾಕಿತು. ಗಂಜಿಯಮ್ಮ ಒಣಬಟ್ಟಲನ್ನು ಮರೆತು ಸೆರಗು ಬಾಯಿಗೆ ಒತ್ತಿಕೊಂಡಳು. ನಗು ನಿಲ್ಲಲಿಲ್ಲ, ಅವಳ ಬೆಂಚೇ ಅಲುಗುತ್ತಿತ್ತು.

ಆಮೇಲಿನ ಬುಧವಾರ ಬೀಗರು ಬಂದಾಗ ಚೀಲದ ಜೊತೆ ಉದ್ದನೆಯ ಹೊಸ ಪೈಪೊಂದು ಹೆಗಲ ಮೇಲಿತ್ತು. ಸಭೆಯಲ್ಲಿ ತಾವೇ ಎಲ್ಲ ಹೇಳಿದ್ದಾಗಿಯೂ, ಪಾಸ್ಟರು ಯೋಚಿಸಿ ‘ನೀನು ಮಗುವಿನ ತಲೆ ತೊಳೆದಿದ್ದೀಯ, ಅದರಲ್ಲಿ ತಪ್ಪೇನಿಲ್ಲ’ ಎಂದದ್ದಾಗಿಯೂ ವರದಿ ಒಪ್ಪಿಸಿದರು. ಆಮೇಲೆ ಮಾತಿಲ್ಲದೆ ಕಿಟಕಿಯ ಕೆಳಗೆ ಒಂದು ಪುಟ್ಟ ತೊಟ್ಟಿ ಕೂರಿಸಿ, ಗೋಡೆಗೆ ತೂತು ಕೊರೆದು, ಪೈಪನ್ನು ಚರಂಡಿಯ ಕಡೆ ಬಿಡದೆ ನೇರ ಗೋಡೆಬುಡದ ಮಣ್ಣಿಗೆ ಇಳಿಸಿದರು. ನೀಲಿ ಅಂಚಿನ ಬೋಗುಣಿಯ ನೀರನ್ನು ಇನ್ನು ಇಲ್ಲೇ ಸುರಿದರಾಯಿತು. ಏಳು ಮೆಟ್ಟಿಲು ಇಳಿಯಬೇಕಿಲ್ಲ.

ಗಂಜಿಯಮ್ಮ ಬಗ್ಗಿ ನೋಡಿದಳು. ನೀರು ಸುರಿದಳು. ಗೋಡೆಯಾಚೆ ಮಣ್ಣು ಅದನ್ನು ಕುಡಿಯುವ ಸದ್ದು ಕೇಳಿಸಿತು.

“ಬೀಗರೇ, ಈ ಪೈಪು ಗ್ರಂಥದಲ್ಲಿ ಎಲ್ಲಿದೆ?”

“ಎಲ್ಲೂ ಇಲ್ಲ. ನಿಮ್ಮ ಮಂಡಿನೋವು ಇದೆಯಲ್ಲ, ಸಾಕು.” ಅವರು ಸ್ಪ್ಯಾನರು ಒರೆಸಿಕೊಂಡರು. “ಆದ್ರೆ ಒಂದು ಹೇಳ್ತೀನಿ, ಗುಂಡ ಹದಿನೆಂಟು ದಾಟ್ಲಿ, ನಮ್ಮ ತೊಟ್ಟಿಯಲ್ಲಿ ಮುಳುಗಿಸೇ ತೀರ್ತೀನಿ.”

“ಧಾರಾಳವಾಗಿ ಮುಳುಗಿಸಿ. ನೀವೇ ಕೊಟ್ಟಾಗಿದೆಯಲ್ಲ, ಇನ್ನು ಅದು ಬರೀ ಈಜು.”

ಬೀಗರು ಉತ್ತರಕ್ಕಾಗಿ ಚೀಲದಲ್ಲಿ ಗ್ರಂಥ ಹುಡುಕತೊಡಗಿದರು. ಬುಟ್ಟಿಯಲ್ಲಿದ್ದ ಮಗು ‘ಹ್ಹೆ’ ಎಂದಿತು. ಬಾಯ್ಲರು ಇನ್ನೂ ಸೋರುತ್ತಿತ್ತು. ಅದನ್ನು ರಿಪೇರಿ ಮಾಡಬೇಕೆಂದು ಇಬ್ಬರಲ್ಲಿ ಯಾರೂ ಬಾಯಿಬಿಡಲಿಲ್ಲ.